ಲಾಡಿ ಕಟ್ಟಿದ್ದು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.10

ಅಕ್ಕನ ಜಡೆ ಹಾಕಿ ಆಯಿತು. ಇವತ್ತು ಬಿಗಿ ಹೆಚ್ಚಾಯಿತಂತೆ. "ನನ್ನ ತಲೆ ಕಣೇ ಇದು, ಮೂಟೆ ಅಲ್ಲ" ಎಂದಳು. ಬಿಚ್ಚಿ ಮತ್ತೆ ಹೆಣೆದೆ. ಏಳೂವರೆ ಬಸ್ಸು ತಪ್ಪುತ್ತದೆ ಈಗ.

ಸಂಜೆ

ಸಾಫ್ಟ್‌ವೇರ್ ಬಂದಿದೆ. ಮೊದಲ ಪುಟದಲ್ಲೇ ಪ್ರಶ್ನೆಗಳು. ನಿಮ್ಮ ಘಟಕ ಏನು ಮಾಡುತ್ತದೆ? — ಆಸ್ಪತ್ರೆಗಳ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಕೊಡುತ್ತದೆ. ನಿಮ್ಮ ಕೆಲಸ? — ಅಪಘಾತದ ರಿಜಿಸ್ಟರ್ ಬರೆಯುವುದು. ಎಷ್ಟು ವರ್ಷದಿಂದ? — ಹತ್ತೊಂಬತ್ತು. ಅಷ್ಟು ಕೇಳಿ ನನ್ನನ್ನು ಅಡ್ಮಿನ್ ಎಂದು ಘೋಷಿಸಿತು. ಇಲ್ಲಿ ನನಗೆ ಸಿಕ್ಕ ಮೊದಲ ಬಡ್ತಿ. ಕೊಟ್ಟದ್ದು ಯಂತ್ರ.

ಮ್ಯಾನೇಜರ್ ಒಂದು ಹಾಳೆ ಹಿಡಿದು ಬಂದರು. ಹನ್ನೆರಡು ಕ್ಯಾಟಗರಿ. ಜಾರಿ ಬಿದ್ದದ್ದು, ಬಿಸಿ ಆವಿ ತಾಗಿದ್ದು, ಬಟ್ಟೆಯಲ್ಲಿ ಉಳಿದ ಸೂಜಿ ಚುಚ್ಚಿದ್ದು, ಕೆಮಿಕಲ್... ಏಳನೆಯದು: ಕಾರ್ಮಿಕರ ಅಜಾಗರೂಕತೆ.

"ಹನ್ನೆರಡು ಸಾಕು ಮೇಡಂ. ಜಾಸ್ತಿ ಇದ್ರೆ ಹೆಡ್ ಆಫೀಸ್‌ನೋರಿಗೆ ತಲೆನೋವು."

"ಇದರಲ್ಲಿ ಇಲ್ಲದ್ದು ಏನಾದ್ರೂ ಆದ್ರೆ ಸಾರ್?"

"ಲಿಸ್ಟ್‌ನಲ್ಲಿ ಇಲ್ಲದ್ದು ಆಗೋದಾದ್ರೂ ಹೇಗೆ?"

ತಮಾಷೆಗೆ ಹೇಳಿದ್ದು. ನಾನೂ ನಕ್ಕೆ.

ಮಧ್ಯಾಹ್ನ ಹಳೆಯ ಒಂಬತ್ತು ರಿಜಿಸ್ಟರುಗಳನ್ನು ಕೆಳಗಿಳಿಸಿದೆ. ಇನ್ನೂರ ಹದಿನಾಲ್ಕು ಅಪಘಾತ. ಅದರಲ್ಲಿ 'ಅಜಾಗರೂಕತೆ' ನೂರ ಮೂವತ್ತೊಂದು. ಎಲ್ಲ ನನ್ನ ಅಕ್ಷರ. ವರ್ಷ ಕಳೆದಂತೆ ದುಂಡಗಾಗುತ್ತ ಬಂದಿದೆ.

ಮಾರ್ಚ್ 4, ಮಂಗಳವಾರ

ಟ್ರೈನರ್ ಪರದೆಯ ಮೇಲೆ ಬಂದಳು. ನೆಗಡಿ ಅವಳಿಗೆ. ವಾಕ್ಯಕ್ಕೊಮ್ಮೆ ಮೂಗು ಒರೆಸಿಕೊಳ್ಳುತ್ತ ಪಾಠ ಮಾಡಿದಳು. ಕ್ಯಾಟಗರಿ ಆರಿಸದೆ ಸೇವ್ ಆಗುವುದಿಲ್ಲ. ಒಂದು ದಾಖಲೆಯಾದರೂ ಇದ್ದರೆ ಆ ಕ್ಯಾಟಗರಿಯನ್ನು ಅಳಿಸಲು ಬರುವುದಿಲ್ಲ. ಇಷ್ಟು ಬರೆದುಕೊಂಡೆ.

"ಈಗ ಟೆಸ್ಟ್‌ಗೆ ಒಂದು ಸುಳ್ಳು ಇನ್ಸಿಡೆಂಟ್ ಹಾಕಿ ಮೇಡಂ. ನೀವೇ ಏನಾದ್ರೂ ಕಲ್ಪಿಸ್ಕೊಳ್ಳಿ."

ಹತ್ತೊಂಬತ್ತು ವರ್ಷ ಸುಳ್ಳೆಂದು ಕರೆಯದೆಯೇ ಬರೆಸಿದರು, ಬರೆದೆ. ಇವಳು ಬಾಯಿಬಿಟ್ಟು ಕೇಳಿದ ಕೂಡಲೇ ಕೈ ಓಡಲಿಲ್ಲ. ಅವಳು ಕಾಯುತ್ತಿದ್ದಳು. ಮೂಗು ಒರೆಸಿಕೊಂಡಳು.

ನಿಜವನ್ನೇ ಹಾಕಿದೆ. ಹನ್ನೊಂದು ವರ್ಷದ ಹಿಂದಿನ ತಾರೀಕು. ಎರಡನೇ ಇಸ್ತ್ರಿ ರೋಲರ್. ಹೆಂಗಸು, ನಲವತ್ತೊಂದು. ಬಲಗೈ, ಮೂರು ಬೆರಳು.

"ಕ್ಯಾಟಗರಿ?"

"ಹನ್ನೆರಡರಲ್ಲಿ ಯಾವುದೂ ಕೂರಲ್ಲ."

"ಹಾಗಾದ್ರೆ ಹೊಸದು ಮಾಡಿ, ಟೆಸ್ಟ್ ತಾನೇ. ಫ್ಲೋರ್‌ನಲ್ಲಿ ಜನ ಏನಂತಾರೋ ಅದೇ ಹೆಸರು ಇಡಿ. ಹುಡುಕೋಕೆ ಸುಲಭ."

ಇಟ್ಟೆ. 'ಲಾಡಿ ಕಟ್ಟಿದ್ದು'.

ಅವಳಿಗೆ ಅರ್ಥವಾಗಲಿಲ್ಲ, ಪೈಜಾಮದ ಲಾಡಿಯೇ ಎಂದು ಕೇಳಿದಳು. ಹೇಳಿದೆ. ಒದ್ದೆ ಶೀಟು ಬಿಸಿ ರೋಲರಿನ ಒಳಗೆ ಹೋಗುವ ಬಾಯಿಯಲ್ಲಿ ಒಂದು ಅಡ್ಡಪಟ್ಟಿ ಇದೆ. ಬೆರಳು ತಗುಲಿದರೆ ರೋಲರ್ ನಿಲ್ಲಬೇಕು, ಗಂಟೆ ಹೊಡೆಯಬೇಕು. ಆದರೆ ದಪ್ಪ ಶೀಟು ತಗುಲಿದರೂ ನಿಲ್ಲುತ್ತದೆ. ನಿಂತರೆ ಮತ್ತೆ ಹೊರಡಲು ನಾಲ್ಕು ನಿಮಿಷ. ದಿನಕ್ಕೆ ಆರು ಸಾವಿರ ಶೀಟು ಆಗಬೇಕಾದ ಕಡೆ ನಾಲ್ಕು ನಿಮಿಷ ಯಾರಿಗಿದೆ? ಹರಿದ ಶೀಟಿನ ಅಂಚು ಕಿತ್ತು ಪಟ್ಟಿ ಅಲುಗದಂತೆ ಎಳೆದು ಕಟ್ಟುತ್ತಾರೆ. ಅದು ಲಾಡಿ. ಆ ಗಂಟೆಯನ್ನು ನಾನು ಇಷ್ಟು ವರ್ಷದಲ್ಲಿ ಐದಾರು ಸಲ ಕೇಳಿರಬಹುದು.

"ಅಯ್ಯೋ" ಎಂದಳು ಟ್ರೈನರ್. ಆಮೇಲೆ, "ಸೇವ್ ಒತ್ತಿ."

ಹಸಿರು ಟಿಕ್ ಬಂತು. ತುಂಬ ಹೊತ್ತು ನೋಡುತ್ತ ಕುಳಿತೆ.

ಮಾರ್ಚ್ 6, ಗುರುವಾರ

ಊಟದ ಕೋಣೆ. ಎರಡನೇ ರೋಲರಿನ ಮಾವ ಡಬ್ಬಿ ಹಿಡಿದು ನನ್ನೆದುರು ಕುಳಿತ. ಮಾವ ಎಂದರೆ ಎಲ್ಲರಿಗೂ ಮಾವ. ಅವನಿಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ.

"ಏನ್ ರಿಜಿಸ್ಟರಮ್ಮಾ, ಕಂಪ್ಯೂಟರ್‌ನಲ್ಲಿ ನಮ್ಮನ್ನೆಲ್ಲ ಹನ್ನೆರಡು ಭಾಗ ಮಾಡ್ತೀರಂತೆ?"

"ನಿಮ್ಮನ್ನಲ್ಲ, ನಿಮಗೆ ಆಗೋದನ್ನ."

"ಎರಡೂ ಒಂದೇ. 'ಹೆಂಡ್ತಿ ಜತೆ ಜಗಳ ಆಡ್ಕೊಂಡು ಬಂದಿದ್ದ' ಅನ್ನೋದಿದ್ಯಾ? 'ಮ್ಯಾನೇಜರ್ ಹಿಂದೆ ನಿಂತಿದ್ರು' ಅನ್ನೋದು?"

"ಎರಡೂ ಏಳನೇದಕ್ಕೆ ಹೋಗುತ್ತೆ ಮಾವ. ಅಜಾಗರೂಕತೆ."

"ಯಾರದು?"

ಅವನು ಮೊಟ್ಟೆ ಸುಲಿಯುತ್ತಿದ್ದ. ನಾನು ನೀರು ತರಲು ಎದ್ದೆ.

ಮಾರ್ಚ್ 11, ಮಂಗಳವಾರ. 11.20

ಮಾವನ ಬಲಗೈ ಗ್ಲೋವ್ ರೋಲರಿನೊಳಗೆ ಹೋಯಿತು. ಕೈ ಹೊರಗೆ ಬಂತು. ಅಷ್ಟೇ ವ್ಯತ್ಯಾಸ.

ಓಡಿದೆ. ಗ್ಲೋವ್ ಆಚೆ ಬದಿಯಿಂದ ಚಪ್ಪಟೆಯಾಗಿ, ಶೀಟಿನ ಜೊತೆ ನೀಟಾಗಿ ಇಸ್ತ್ರಿಯಾಗಿ ಹೊರಬಿತ್ತು. ಮಾವ ಅದನ್ನೆತ್ತಿ, "ಇನ್ನೊಂದನ್ನೂ ಹಾಕ್ಲಾ, ಜೋಡಿ ಆಗುತ್ತೆ" ಎಂದ. ಯಾರೂ ನಗಲಿಲ್ಲ. ಅಡ್ಡಪಟ್ಟಿಯ ಮೇಲೆ ಲಾಡಿ. ನೀಲಿ ಅಂಚಿನದು, ಹೊಸದು.

ಮ್ಯಾನೇಜರ್: "ಗಾಯ ಇಲ್ವಲ್ಲ. ಬಿಡಿ. ಹಾಕಲೇಬೇಕು ಅಂದ್ರೆ ಏಳನೇದಕ್ಕೆ ಹಾಕಿ. ಸಡಿಲ ಗ್ಲೋವ್ ಯಾಕೆ ಹಾಕ್ಕೊಂಡ ಇವನು?"

ಗ್ಲೋವ್ ಕೊಡುವುದು ಕಂಪನಿ. ಒಂದೇ ಅಳತೆ ಎಲ್ಲರಿಗೂ.

ಹಾಕಲಿಲ್ಲ, ಇನ್ನೂ. ಪರದೆ ತೆರೆದು ಮುಚ್ಚಿದೆ.

ಮಾರ್ಚ್ 12, ಬುಧವಾರ. ಬೆಳಿಗ್ಗೆ

ಯಾರೂ ಓದದ ಪುಸ್ತಕ ಇದು. ಆದರೂ ಹನ್ನೊಂದು ವರ್ಷ ಇಲ್ಲಿಯೂ ಬರೆದಿಲ್ಲ. ಬರೆಯುತ್ತೇನೆ.

ಅವತ್ತು ಎರಡನೇ ರೋಲರಿನಲ್ಲಿ ಅಕ್ಕ. ಕೈ ಬಿಡಿಸಿ, ಅವಳನ್ನು ಗಾಡಿಯಲ್ಲಿ ಕರೆದೊಯ್ದರು. ನಾನು ಜೊತೆಗೆ ಹೊರಟಿದ್ದೆ. ಆಗಿನ ಸೂಪರ್‌ವೈಸರ್ ತಡೆದ. ಆ ಸೂಪರ್‌ವೈಸರ್ ಈಗಿನ ಮ್ಯಾನೇಜರ್. "ಫ್ಯಾಕ್ಟರಿ ಇನ್‌ಸ್ಪೆಕ್ಟರ್ ದಾರೀಲಿದಾರೆ. ಮೊದ್ಲು ಅದನ್ನ ಬಿಚ್ಚಿ, ಆಮೇಲೆ ಆಸ್ಪತ್ರೆಗೆ ಹೋಗಿ."

ಗಂಟು ಬಿಚ್ಚಲು ಬರಲಿಲ್ಲ. ರಿಜಿಸ್ಟರ್ ಬರೆಯುವ ಪೆನ್ನಿನ ಮೊನೆ ತೂರಿಸಿ ಬಿಚ್ಚಿದೆ. ಪಟ್ಟಿ ಬಿಸಿಯಿತ್ತು. ಲಾಡಿಯನ್ನು ಜೇಬಿಗೆ ಹಾಕಿಕೊಂಡೆ. ಆಮೇಲೆ ಅದೇ ಪೆನ್ನಿನಲ್ಲಿ, ಅವನು ಹೇಳಿದಂತೆ, ಅಜಾಗರೂಕತೆ ಎಂದು ಬರೆದೆ. ನಿಬ್ಬು ಬಗ್ಗಿತ್ತು. ಆ ಸಾಲಿನ ಅಕ್ಷರ ಇವತ್ತಿಗೂ ಒಡೆದೊಡೆದು ಕಾಣುತ್ತದೆ.

ಮಾರನೆಯ ದಿನ ಇನ್‌ಸ್ಪೆಕ್ಟರ್ ಅಕ್ಕನ ಮಂಚದ ಬಳಿ ಬಂದು ಹೇಳಿದ್ದು: "ಪಟ್ಟಿ ಸರಿಯಾಗೇ ಇತ್ತಲ್ಲಮ್ಮ, ನಾನೇ ಕೈಯಿಟ್ಟು ನೋಡ್ದೆ." ಅಕ್ಕ ನನ್ನ ಮುಖ ನೋಡಿದಳು. ನಾನು ಗ್ಲೂಕೋಸ್ ಬಾಟಲಿ ನೋಡಿದೆ.

ಅಂದಿನಿಂದ ಅವಳ ಲೆಕ್ಕ ಹೀಗೆ: ದಿನವೂ ಲಾಡಿ ಇರುತ್ತಿತ್ತು. ಅವತ್ತೂ ಇತ್ತೆಂದೇ ಅವಳ ನೆನಪು, ಆದರೆ ಅವತ್ತೊಂದು ದಿನ ಇರಲಿಲ್ಲವಂತೆ. ಇಲ್ಲದ ದಿನವೇ ಕೈ ಕೊಟ್ಟವಳು ಎಂಥವಳು? ಲೋಟ ಬಿದ್ದರೆ, ಹಾಲು ಉಕ್ಕಿದರೆ, ಬಾಗಿಲು ಹಾಕಲು ಮರೆತರೆ: "ನಾನು ಮೊದ್ಲಿಂದ್ಲೂ ಹಾಗೇ ಬಿಡು. ಗಮನ ಇಲ್ದೋಳು." ಅವಳು ಹಾಗಿರಲಿಲ್ಲ. ಮನೆಯಲ್ಲಿ ಒಂದು ಗುಂಡಿ ಕಳೆದರೂ ಹುಡುಕಿ ಹೊಲಿದವಳು.

ಮೂರು ಬೆರಳು ಮಡಚುವುದಿಲ್ಲ. ಜಡೆ ನಾನು ಹಾಕುತ್ತೇನೆ. ಋಣ ತೀರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಬೆನ್ನ ಹಿಂದೆ ನಿಂತು ಮಾಡುವ ಕೆಲಸ ಅದು. ಮುಖ ನೋಡಬೇಕಾಗಿಲ್ಲ.

ಮಾರ್ಚ್ 14, ಶುಕ್ರವಾರ

ಮೂವತ್ತೊಂದಕ್ಕೆ ಹೆಡ್ ಆಫೀಸಿಗೆ ಮೊದಲ ವರದಿ. ಅಷ್ಟರಲ್ಲಿ ಟೆಸ್ಟ್ ಹಾಕಿದ್ದೆಲ್ಲ ತೆಗೆಯಬೇಕು ಎಂದು ಮ್ಯಾನೇಜರ್ ಬಂದು ಕುರ್ಚಿ ಎಳೆದುಕೊಂಡರು. ಕ್ಯಾಟಗರಿಗಳ ಪಟ್ಟಿಯಲ್ಲಿ ಹದಿಮೂರನೆಯದು ಕಂಡಿತು. ಗಟ್ಟಿಯಾಗಿ ಓದಿದರು. ಎರಡು ಸಲ.

"ಇದೇನಿದು?"

"ಟೆಸ್ಟ್, ಸಾರ್."

ತಾರೀಕು ನೋಡಿದರು. ಬಲಗೈ, ಮೂರು ಬೆರಳು ಎಂಬುದನ್ನೂ. ಮತ್ತೆ ಏನೂ ಕೇಳಲಿಲ್ಲ. "ತೆಗೀರಿ."

ತೆಗೆಯಲು ಹೋದೆ. ಸತ್ಯವಾಗಿಯೂ ಹೋದೆ. ಕೆಂಪು ಪೆಟ್ಟಿಗೆ ಬಂತು: ಈ ದಾಖಲೆಯನ್ನು ಅಳಿಸಲಾಗದು. ಟ್ರೈನರಿಗೆ ಫೋನು. ನೆಗಡಿ ವಾಸಿಯಾಗಿತ್ತು.

"ಸಾರಿ ಮೇಡಂ, ನಿಮ್ಮ ಪ್ಲಾಂಟ್ ನಾಲ್ಕನೇ ತಾರೀಕಿಗೇ ಲೈವ್ ಆಗ್ಬಿಟ್ಟಿತ್ತು. ನಮ್ಮ ಕಡೆಯ ಮಿಸ್ಟೇಕು. ನೀವು ಹಾಕಿದ್ದು ಅಸಲಿ ದಾಖಲೆ ಅಂತಾನೇ ಕೂತಿದೆ."

"ಹಾಗಾದ್ರೆ?"

"ಕ್ಯಾಟಗರೀನ ಇನ್ನೊಂದರ ಜೊತೆ ಮರ್ಜ್ ಮಾಡ್ಬಹುದು. ಅಡ್ಮಿನ್ ಮಾತ್ರ. ಅಂದ್ರೆ ನೀವೇ."

ಸ್ಪೀಕರಿನಲ್ಲಿತ್ತು. ಮ್ಯಾನೇಜರ್ ಕೇಳಿಸಿಕೊಂಡರು. "ಏಳನೇದಕ್ಕೆ ಸೇರ್ಸಿ ಮೇಡಂ. ಅರ್ಧ ನಿಮಿಷದ ಕೆಲಸ" ಎಂದು ಕುರ್ಚಿಯನ್ನು ಸ್ವಸ್ಥಾನಕ್ಕಿಟ್ಟು ಹೋದರು. ಕುರ್ಚಿ ಸರಿಯಾಗಿ ಇಡುವ ಮನುಷ್ಯ.

ಅರ್ಧ ನಿಮಿಷ. ಹನ್ನೊಂದು ವರ್ಷದ ಹಿಂದೆಯೂ ಅಷ್ಟೇ ಹಿಡಿದದ್ದು.

ಮಾಡಲಿಲ್ಲ.

ಮಾರ್ಚ್ 17, ಸೋಮವಾರ

ಮಾವನ ಗ್ಲೋವನ್ನು ಹಾಕಿದೆ. ಗಾಯ: ಇಲ್ಲ. ಕ್ಯಾಟಗರಿ: ಲಾಡಿ ಕಟ್ಟಿದ್ದು. ಈಗ ಎರಡು.

ಊಟದ ಹೊತ್ತಿಗೆ ಮಾವನಿಗೆ ಹೇಳಿದೆ. ಅವನು ಅಗಿಯುವುದನ್ನು ನಿಲ್ಲಿಸಿದ.

"ನನ್ನ ಹೆಸರು?"

"ಹೆಸರು ಹಾಕ್ಬೇಕು ಮಾವ."

"ಮನೆಗೆ ಕಳಿಸ್ತಾರೇನೋ."

"ಕಳಿಸ್ಬಹುದು. ಬೇಡ ಅಂದ್ರೆ ಹೆಸರಿನ ಜಾಗ ಖಾಲಿ ಬಿಡ್ತೀನಿ."

ಅಗಿಯಲು ಶುರುಮಾಡಿದ. ನುಂಗಿದ. "ಖಾಲಿ ಬಿಟ್ರೆ ಗ್ಲೋವ್ ತಾನಾಗೇ ನಡ್ಕೊಂಡು ಹೋಯ್ತು ಅನ್ಕೋತಾರೆ. ಹಾಕಿ, ಹಾಕಿ. ಆಮೇಲೆ ಆ ವರ್ಷ ನನ್ನ ಮೊಣಕೈ ಸುಟ್ಟಿತ್ತಲ್ಲ? ಅದೂ ಲಾಡೀದೇ. ಅದನ್ನೂ ಹಾಕಿ."

ಆರನೇ ರಿಜಿಸ್ಟರ್, ನಲವತ್ತನೇ ಪುಟ. ಅಜಾಗರೂಕತೆ. ಈಗ ಮೂರು.

ಮಾರ್ಚ್ 18, ಮಂಗಳವಾರ

ಚಹಾದ ಬಿಡುವಿನಲ್ಲಿ ನನ್ನ ಬಾಗಿಲಲ್ಲಿ ಸಾಲು. ಮಡಿಚುವ ವಿಭಾಗದ ದಪ್ಪಕ್ಕ ತೋಳು ಮೇಲೆತ್ತಿ ಕಲೆ ತೋರಿಸಿದಳು. "ಇದು ಏಳು ವರ್ಷದ್ದು, ರೋಲರಿನಲ್ಲಿದ್ದಾಗ. ಬರ್ಕೊಳ್ಳಿ. ನೀವು ಆಗ ಏನ್ ಬರೆದ್ರಿ ನೆನಪಿದೆಯಾ?"

"ಇದೆ."

"ನಾನು ಓದಿದ್ದೆ. ನಿಮ್ಮ ಮೇಜಿನ ಮೇಲೆ ತೆರೆದಿತ್ತು. ಆವತ್ತಿಂದ ನಿಮ್ಮ ಜೊತೆ ಚಹಾ ಕುಡಿದಿಲ್ಲ ನಾನು. ಗಮನಿಸಿದೀರಾ?"

ಗಮನಿಸಿರಲಿಲ್ಲ. ಗಮನ ಇಲ್ಲದವಳು ಯಾರೆಂದು ಹೊಳೆಯಿತು.

ಬರೆದುಕೊಂಡೆ. ಸಂಜೆಗೆ ಹತ್ತೊಂಬತ್ತು.

ಮಾರ್ಚ್ 19, ಬುಧವಾರ. 4.00

ಮ್ಯಾನೇಜರ್ ತಮ್ಮ ಕೋಣೆಗೆ ಕರೆದರು. ಬಾಗಿಲು ಹಾಕಿಸಿದರು. ಗಾಜಿನ ಬಾಗಿಲು, ಆಚೆಗೆ ಎಲ್ಲ ಕಾಣುತ್ತದೆ. ನೀರು ಕೊಟ್ಟರು.

"ಏನ್ ಮೇಡಂ, ಲಾಡಿ ಲಾಡಿ ಅಂತ ಹೆಡ್ ಆಫೀಸ್‌ಗೆ ಕಳಿಸ್ತೀರಾ? ಅಲ್ಲಿ ಟೈ ಕಟ್ಕೊಂಡು ಕೂತಿರ್ತಾರೆ."

"ಅವರದ್ದೂ ಗಂಟೇ ತಾನೇ ಸಾರ್."

ನಕ್ಕರು. ಮುಗಿಯುವವರೆಗೂ ಕಾದೆ.

"ಲಾಡಿ ಕಟ್ಟಿ ಅಂತ ನಾನು ಎಲ್ಲಾದ್ರೂ ಬರೆದುಕೊಟ್ಟಿದೀನಾ? ಅವರೇ ಕಟ್ತಾರೆ. ಬೇಗ ಮುಗಿಸಿ ಮನೆಗೆ ಹೋಗೋ ಆಸೆ."

"ಆರು ಸಾವಿರ ಅಂತ ಬರೆದುಕೊಟ್ಟಿದೀರಿ."

ಪೆನ್ನನ್ನು ಮೇಜಿನ ಅಂಚಿಗೆ ಸಮನಾಗಿ ಇಟ್ಟರು. ದನಿ ತಗ್ಗಿತು. ಸಿಟ್ಟಿರಲಿಲ್ಲ. ಹಳೆಯ ಪರಿಚಯದವರೊಡನೆ ಮಾತಾಡುವಂತೆ: "ನಿಮ್ಮಕ್ಕನ ಆ ದಾಖಲೆ ಇದೆಯಲ್ಲ. ಲಾಡಿ ಬಿಚ್ಚಿದವರು ಯಾರು ಅಂತ ಅದರಲ್ಲಿ ಒಂದು ಕಾಲಂ ಇದೆಯಾ ಮೇಡಂ?"

ಗಾಜಿನಾಚೆ ಬಟ್ಟೆಯ ಗಾಡಿ ಹೋಗುತ್ತಿತ್ತು. ಒಂದು ಚಕ್ರದ್ದು ಕೀರಲು ದನಿ.

"ಇಲ್ಲ ಸಾರ್."

"ಹ್ಞಾಂ."

"ನಾಳೆ ಹಾಕ್ತೀನಿ. ಅಡ್ಮಿನ್ ನಾನೇ ಅಲ್ವಾ."

ನೀರಿನ ಲೋಟ ಮುಟ್ಟದೆ ಹೊರಗೆ ಬಂದೆ.

ಮಾರ್ಚ್ 20, ಗುರುವಾರ

ಹೊಸ ಕಾಲಂ ಮೂರು. ಕಟ್ಟಿದವರು. ಕಟ್ಟಲು ಹೇಳಿದವರು. ಬಿಚ್ಚಿದವರು.

ಖಾಲಿ ಇವೆ. ಮೊದಲು ಕೇಳಬೇಕಾದವಳು ಮನೆಯಲ್ಲಿದ್ದಾಳೆ.

ಮಾರ್ಚ್ 24, ಸೋಮವಾರ. ಬೆಳಿಗ್ಗೆ 6.50

ನಾಲ್ಕು ದಿನ ಬೇಕಾಯಿತು.

ಜಡೆ ಅರ್ಧವಾಗಿತ್ತು. ಬೆನ್ನಿಗೇ ಹೇಳಲು ಹೊರಟಿದ್ದೆ. ಆಗಲಿಲ್ಲ. ಕೂದಲು ಬಿಟ್ಟು, ಸುತ್ತಿ ಬಂದು, ಅವಳೆದುರು ಸ್ಟೂಲಿನ ಮೇಲೆ ಕುಳಿತೆ.

"ಅಕ್ಕಾ, ಅವತ್ತು ಲಾಡಿ ಇತ್ತು. ಇನ್‌ಸ್ಪೆಕ್ಟರ್ ಬರೋ ಮೊದ್ಲು ನಾನು ಬಿಚ್ಚಿದೆ."

ಅರ್ಧ ಜಡೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

"ಗಂಟು ಗಟ್ಟಿ ಇತ್ತಾ?" ಎಂದಳು ಕೊನೆಗೆ.

"ಇತ್ತು."

"ನಾನೇ ಹಾಕಿದ್ದು. ನನ್ನ ಗಂಟು ಯಾರಿಗೂ ಬಿಚ್ಚೋಕೆ ಬರ್ತಿರಲಿಲ್ಲ. ನೀನು ಹೇಗೆ ಬಿಚ್ಚಿದೆ?"

"ಪೆನ್ನಿಂದ."

ತಲೆಯಾಡಿಸಿದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು, ಸಂತೆಯಲ್ಲಿ ಪದಾರ್ಥ ನೋಡುವ ಹಾಗೆ. "ಹಾಗಾದ್ರೆ ನನ್ನ ತಲೆ ನೆಟ್ಟಗಿತ್ತು. ಹನ್ನೊಂದು ವರ್ಷ ಕಣೇ. ಎಷ್ಟು ಲೋಟಕ್ಕೆ ಬೈಸಿಕೊಂಡೆ ನಾನು, ನನ್ನ ಕೈಲೇ."

ಬಾಚಣಿಗೆ ನನ್ನ ಕೈಯಿಂದ ತೆಗೆದುಕೊಂಡಳು. "ನೀನು ಬಸ್ಸಿಗೆ ಹೋಗು."

ಮಾರ್ಚ್ 25

ಕೂದಲು ಬಿಟ್ಟುಕೊಂಡಿದ್ದಾಳೆ. ಬಾಚಣಿಗೆ ತನ್ನ ಹತ್ತಿರವೇ ಇಟ್ಟುಕೊಂಡಿದ್ದಾಳೆ.

ಮಾರ್ಚ್ 26

ಹಲ್ಲಿನಲ್ಲಿ ರಬ್ಬರ್ ಬ್ಯಾಂಡ್ ಹಿಡಿದು, ಎಡಗೈಯಲ್ಲಿ ಕೂದಲು ಸುತ್ತಿ, ತಾನೇ ಕಟ್ಟಿಕೊಂಡಳು. ಓರೆಯಾಗಿದೆ. ಸಹಾಯಕ್ಕೆ ಹೋದರೆ ನನ್ನ ಕೈ ತಳ್ಳಿದಳು. ತಟ್ಟೆ ಮಾತ್ರ ಇಟ್ಟಿದ್ದಳು, ಮುಚ್ಚಿ.

ಮಾರ್ಚ್ 31, ಸೋಮವಾರ. ಬೆಳಿಗ್ಗೆ

ಲೋಟ ಬಿತ್ತು. ಅಕ್ಕನ ಕೈಯಿಂದಲೇ. ಅಡುಗೆಮನೆಯಿಂದ ದನಿ ಬಂತು: "ಬಿದ್ದದ್ದು ಲೋಟ. ನೋಡೋಕೆ ಏನೂ ಇಲ್ಲ, ಬರ್ಬೇಡ." ಆಮೇಲೆ ಬಾಗಿಲಿಗೆ ಬಂದು ನಿಂತಳು. ಓರೆ ಜಡೆ.

"ಅದರಲ್ಲಿ ಹೆಸರು ಹಾಕೋ ಜಾಗ ಇದೆಯಂತೆ. ಮಾವ ಫೋನ್ ಮಾಡಿದ್ದ."

"ಇದೆ."

"ಕಟ್ಟಿದ್ದು ನಾನು ಅಂತ ಹಾಕು. ಕಟ್ಟು ಅಂದೋನು ಆ ಸೂಪರ್‌ವೈಸರ್ ಅಂತ ಹಾಕು. ನಿಂದೂ ಹಾಕು. ನಿನ್ನ ಬಿಟ್ಟು ನಮ್ಮಿಬ್ಬರದ್ದು ಮಾತ್ರ ಹಾಕಿದ್ರೆ, ನೋಡು."

"ಮೂರೂ ಹಾಕ್ತೀನಿ."

"ಕೆಲಸ ಹೋದ್ರೆ?"

"ಹೋಗ್ಲಿ."

"ಹೋಗ್ಲಿ ಅನ್ನೋದು ಸುಲಭ" ಎಂದಳು. ಆದರೆ ನಗುತ್ತಿದ್ದಳೋ ಏನೋ. ಬೆಳಕಿಗೆ ಬೆನ್ನು ಮಾಡಿದ್ದಳು.

11.00

ವರದಿ ಹೋಯಿತು. ಹದಿಮೂರು ಕ್ಯಾಟಗರಿ. ಏಳನೆಯದರಲ್ಲಿ ಈ ತಿಂಗಳ ನಾಲ್ಕು. ಹದಿಮೂರನೆಯದರಲ್ಲಿ ಇಪ್ಪತ್ತಾರು. ಕಳಿಸು ಎಂಬುದನ್ನು ಒತ್ತಿದಾಗ ಮ್ಯಾನೇಜರ್ ನನ್ನ ಹಿಂದೆಯೇ ನಿಂತಿದ್ದರು. ಮರ್ಜ್ ಮಾಡಿ ಎಂದು ಮತ್ತೆ ಹೇಳಲಿಲ್ಲ. ಅಕ್ಕನ ದಾಖಲೆಯ ಮೂರು ಕಾಲಂಗಳಲ್ಲಿ ಮೂರು ಹೆಸರು ಓದಿದರು. ಎರಡನೆಯದು ಓದುವಾಗ ಕನ್ನಡಕ ತೆಗೆದರು.

"ನಿಮ್ಮದೂ ಹಾಕ್ಕೊಂಡಿದೀರಿ."

"ಹೌದು ಸಾರ್."

"ಹುಚ್ಚು" ಎಂದರು, ಮೆಲ್ಲಗೆ. ಎಳೆದಿದ್ದ ಕುರ್ಚಿಯನ್ನು ಹಾಗೇ ಬಿಟ್ಟು ಹೋದರು.

ಏಪ್ರಿಲ್ 1, ಮಂಗಳವಾರ. 8.40

ಒಂಬತ್ತಕ್ಕೆ ಗಾಜಿನ ಕೋಣೆಗೆ ಬರಬೇಕಂತೆ. ಹೆಡ್ ಆಫೀಸಿನಿಂದ ಇಬ್ಬರು ಹೊರಟಿದ್ದಾರಂತೆ. ಅವರ ಮೇಲ್ ಬೆಳಿಗ್ಗೆ ಮನೆಯಲ್ಲೇ ಫೋನಿಗೆ ಬಂತು, ಒಂದೇ ಸಾಲು: ಲಾಡಿ ಎಂದರೇನು, ವಿವರಿಸಿ. ಕೆಳಗೆ ಐನೂರು ಅಕ್ಷರದ ಪೆಟ್ಟಿಗೆ.

ಅಕ್ಕ ಇವತ್ತು ಬಾಚಣಿಗೆ ಹಿಡಿದು ಬಂದು ನನ್ನೆದುರು ಕುಳಿತಳು. ಬೆನ್ನು ತಿರುಗಿಸದೆ. ಎದುರಿನಿಂದ ಜಡೆ ಹಾಕಲು ಬರುವುದಿಲ್ಲ ಎಂದೆ. "ಕಲ್ತ್ಕೋ" ಎಂದಳು. ಭುಜದ ಮೇಲಿಂದ ಮುಂದಕ್ಕೆ ತಂದು ಹೆಣೆದೆ. ಚೆನ್ನಾಗಿ ಬರಲಿಲ್ಲ. ಬಸ್ಸು ತಪ್ಪಿತು, ನಡೆದು ಬಂದೆ.

ಲಾಡಿ ಮೇಜಿನ ಮೇಲಿದೆ. ಹನ್ನೊಂದು ವರ್ಷ ಟ್ರಂಕಿನ ತಳದಲ್ಲಿತ್ತು. ಬಿಳಿ, ಹಸಿರು ಅಂಚು, ಒಂದು ಕಡೆ ಇಂಕಿನ ಕಲೆ. ವಿವರಿಸಿ ಎಂದವರಿಗೆ ಕೊಡಲು ತಂದೆ. ಅವರಿಗೆ ಗಂಟು ಹಾಕಿ ತೋರಿಸುವಷ್ಟು ಅಕ್ಕ ಹೇಳಿಕೊಟ್ಟಿದ್ದಾಳೆ.

ಪೆಟ್ಟಿಗೆಯಲ್ಲಿ ಬರೆಯಲು ಶುರುಮಾಡಿದ್ದೇನೆ. ರೋಲರಿನ ಬಾಯಿಯಲ್ಲಿ ಒಂದು ಅಡ್ಡಪಟ್ಟಿ

ಗಂಟೆ.

ಎರಡನೇ ರೋಲರಿನದು. ನಿಂತಿದೆ. ಯಾರಿಗಾದರೂ... ಇಲ್ಲ, ಕೂಗಿಲ್ಲ. ಕಿಟಕಿಯಿಂದ ನೋಡಿದೆ. ಮಾವ ಎರಡೂ ಕೈ ಮೇಲೆತ್ತಿ ನಿಂತಿದ್ದಾನೆ, ಹತ್ತು ಬೆರಳು. ನಾಲ್ಕು ನಿಮಿಷ ಕಾಯುತ್ತಿದ್ದಾರೆ, ಸುಮ್ಮನೆ, ಎಲ್ಲರೂ. ದಪ್ಪಕ್ಕನ ಹೆಗಲ ಮೇಲೆ ಬಿಚ್ಚಿದ ನೀಲಿ ಅಂಚಿನ

ಮತ್ತೆ ಗಂಟೆ. ಇದು ಒಂದನೆಯದು. ಈಗ ಮೂರನೆ